ಮರೆತುಬಿಡಬೇಕಂತೆ!

ನಿನ್ನೆ ಕಕ್ಕಡ 18, ಅಂದರೆ ಕೊಡಗಿನಲ್ಲಿ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದುಪಾಯಸಕ್ಕೆಂದು ಮಡಿಕೇರಿ ಹತ್ತಿರದ ನೆಂಟರ ಮನೆಗೆ ಹೋಗಿದ್ದೆ. ಆ ಪಾಯಸಕ್ಕೆ ಹಾಕುವ ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧಿ ಇದೆ ಅಂತಾರೆ. ಬಾಯಿ ಸುಮ್ಮನಿರಿಸುವ ಒಂದೂ ಇದ್ದಂತಿಲ್ಲ. ಕಾಫಿ ಬೇಡ ಅಂದೆ, ಶುರುವಾಯಿತು. "ಇನ್ನೂ ಅದೇನಾ? ಮರೆತುಬಿಡು ಮಾರಾಯ್ತಿ!"

ನನ್ನ ಪ್ಯಾನಿಕ್ ಡಿಸಾರ್ಡರ್, ಅಂದರೆ ಇದ್ದಕ್ಕಿದ್ದಂತೆ ವಿಪರೀತ ಭಯ ಮೈಯೇರುವ ಕಾಯಿಲೆ, ನಿಮಗೆಲ್ಲ ಗೊತ್ತೇ ಇದೆ. ಮೊದಲ ಸಲ ಬಂದದ್ದು ಸಂಪಾಜೆ ಘಾಟಿಯಲ್ಲಿ, ಮಳೆಗಾಲದ ಬಸ್ಸಿನಲ್ಲಿ. ಎದೆ ಡವಡವ, ಕೈ ಜುಮುಜುಮು, ಸತ್ತೇ ಹೋದೆ ಅಂದುಕೊಂಡೆ. ಹತ್ತು ನಿಮಿಷದಲ್ಲಿ ಏರಿ ಇಳಿಯಿತು. ಇಸಿಜಿಯಲ್ಲಿ ಏನೂ ಇಲ್ಲ. ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ತೋಟದ ಏರು ಹತ್ತಿದರೂ ಎದೆ ಬಡಿಯುತ್ತದೆ, ಕಾಫಿ ಕುಡಿದರೂ ಬಡಿಯುತ್ತದೆ. ಮೈ ಮಾತ್ರ 'ಅವತ್ತಿನದೇ ಬಂತು' ಅಂತ ಕೂಗುತ್ತದೆ. ಆ ಕೂಗಿಗೆ ಹೆದರಿ ಇನ್ನೂ ಜಾಸ್ತಿ ಬಡಿಯುತ್ತದೆ. ಕಾಫಿ ಬೆಳೆಯುವ ಮನೆಯವಳು ಬಿಸಿನೀರು ಕೇಳುವುದು ಶೋಕಿಗಲ್ಲ.

ಮರೆತುಬಿಡಬೇಕಂತೆ. ಜಿನೀವಾದ ವೈದ್ಯ ಕ್ಲಾಪರೇಡ್ 1911ರಲ್ಲಿ ಒಬ್ಬಳು ರೋಗಿಯ ಬಗ್ಗೆ ಬರೆದಿದ್ದರು. ಹೊಸದೇನೂ ಅವಳ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಇವರು ಒಮ್ಮೆ ಕೈಯಲ್ಲಿ ಪಿನ್ನು ಬಚ್ಚಿಟ್ಟು ಕೈ ಕುಲುಕಿದರು. ಚುಚ್ಚಿದ್ದು ಅವಳಿಗೆ ಮರೆತೇಹೋಯಿತು. ಆದರೂ ಆಮೇಲೆ ಇವರು ಕೈ ಚಾಚಿದಾಗ ಕೈ ಕೊಡಲಿಲ್ಲ! ಪೂರ್ತಿ ಮರೆತವಳ ಕೈಯೇ ಹಿಂದೆ ಸರಿಯಿತು. ನಾನು ಯಾವ ಲೆಕ್ಕ?

"2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ಮನೆ ಕಳೆದುಕೊಂಡವರೇ ಎದ್ದು ನಿಂತಿದ್ದಾರೆ, ನಿನಗೇನಾಗಿದೆ?" ಅಂತ ಇನ್ನೊಬ್ಬರು. ನಿಂತಿದ್ದಾರೆ, ಸರಿ. ಆಗಸ್ಟಿನ ರಾತ್ರಿ ಮಳೆ ಜೋರಾದರೆ ಅವರಿಗೆ ನಿದ್ದೆ ಬರುತ್ತದಾ, ಕೇಳಿದ್ದೀರಾ?

ಒಂದು ನಾಚಿಕೆಯ ವಿಷಯ. ಬಸ್ಸಿನ ಚಕ್ರ ಪ್ರಪಾತದ ಅಂಚಿಗೆ ಹೋಗಿತ್ತು ಅಂತ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಪಕ್ಕದ ಸೀಟಿನಲ್ಲಿದ್ದ ತಮ್ಮ ಹಾಗೇನೂ ಆಗಲಿಲ್ಲ ಅನ್ನುತ್ತಾನೆ. ಅವನು ಹೇಳುವುದೇ ನಿಜ ಇರಬೇಕು. ಕಣ್ಣು ಮುಚ್ಚಿದರೆ ನನಗೆ ಈಗಲೂ ಆ ಚಕ್ರವೇ ಕಾಣುತ್ತದೆ.

ಅಂದಹಾಗೆ, ಚಿಕಿತ್ಸೆಯಲ್ಲಿ ಯಾರೂ ಏನನ್ನೂ ಮರೆಸುವುದಿಲ್ಲ. ನಿಂತಲ್ಲೇ ಓಡಿಸಿ ಬೇಕಂತಲೇ ಎದೆ ಬಡಿತ ಏರಿಸುತ್ತಾರೆ. ಬಡಿದರೂ ಸಾಯಲಿಲ್ಲ ಅನ್ನುವುದನ್ನು ಮೈ ನಿಧಾನಕ್ಕೆ ಕಲಿಯಬೇಕು. ನಾನೀಗ ಬೆಳಿಗ್ಗೆ ಮನೆಯಲ್ಲಿ ಕಾಲು ಲೋಟ ಕಾಫಿಯವರೆಗೆ ಬಂದಿದ್ದೇನೆ. ನಿನ್ನೆ ಅದನ್ನೇ ಖುಷಿಯಿಂದ ಹೇಳಬೇಕು ಅಂತಿದ್ದೆ. ಅಷ್ಟರಲ್ಲಿ ತುಂಬಿದ ಲೋಟ ತಂದು ಎದುರಿಗಿಟ್ಟು, ಕುಡಿಯುತ್ತಾಳಾ ಇಲ್ಲವಾ ಅಂತ ಎಲ್ಲರೂ ನೋಡುತ್ತಾ ಕೂತರು.