'ಡಾ.' ಇರಲಿ, ಕೈ ಎಲ್ಲಿ?

ಫಿಸಿಯೋಥೆರಪಿಸ್ಟುಗಳು ಹೆಸರಿನ ಮುಂದೆ 'ಡಾ.' ಹಾಕಬಾರದು ಅಂತ 2025ರ ಸೆಪ್ಟೆಂಬರ್ 9ರಂದು ದಿಲ್ಲಿಯ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದಿಂದ ಪತ್ರ ಹೊರಟಿತು. ಮಾರನೇ ದಿನವೇ ವಾಪಸ್. ಟೊಂಕ ಹಿಡಿದವರು ಮಗ್ಗುಲು ಬದಲಿಸೋದಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಆ ಒಂದು ರಾತ್ರಿ ಹುಬ್ಬಳ್ಳಿಯ ಬೋರ್ಡ್ ಬರೆಯುವವರು ಬ್ರಷ್ ಹಿಡಿದೇ ಕೂತಿರಬೇಕು.

ನನ್ನದೇನೂ ತಕರಾರಿಲ್ಲ. ಬೇಕಾದರೆ ಎರಡು ಸಲ ಹಾಕಿಕೊಳ್ಳಲಿ. ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಅನ್ನೋದು ಹಳೇ ಮಾತು. ಆ ಕವಿಗಳಲ್ಲಿ ಅರ್ಧ ಮಂದಿ ಡಾಕ್ಟರೇ, ಜ್ವರಕ್ಕೆ ಒಂದು ಗುಳಿಗೆ ಬರೆಯಲು ಒಬ್ಬರಿಗೂ ಬರೋದಿಲ್ಲ. ಯಾರ ಪತ್ರವೂ ಅವರಿಗೆ ಬಂದಿಲ್ಲ.

ನನ್ನ ಚಿಂತೆ ಕೈಯದು. ರಸ್ತೆಗುಂಡಿಗಳ ಕೃಪೆಯಿಂದ ನಾನೂ ಒಂದು ಕ್ಲಿನಿಕ್ಕಿನ ಪರದೆ ಹಿಂದೆ ಬೋರಲು ಮಲಗಿದ್ದೆ. ಹುಡುಗನೊಬ್ಬ ಬಂದು ಬೆನ್ನಿಗೆ ನಾಲ್ಕು ಪ್ಯಾಡ್ ಅಂಟಿಸಿದ. "ಇರಿವಿ ಹರದಂಗ ಆದ್ರ ಹೇಳ್ರಿ ಸರ, ಬೀಪ್ ಅಂದ್ರ ಕರೀರಿ" ಅಂದು ಮೊಬೈಲ್ ಹಿಡಿದು ಹೋದ. ಅಷ್ಟರಲ್ಲಿ ಕರೆಂಟ್ ಹೋಯಿತು.

ಆಗ ಬಂದರು ನೋಡಿ, ಡಾಕ್ಟರು! ಯಂತ್ರ ಸತ್ತಿತ್ತಲ್ಲ, ಬೇರೆ ದಾರಿ ಇರಲಿಲ್ಲ. ಹೆಬ್ಬೆರಳಿನಿಂದ ಬೆನ್ನುಮೂಳೆಯ ಒಂದೊಂದೇ ಮಣಿ ಒತ್ತುತ್ತಾ ಬಂದು "ಇಲ್ಲೇನ್ರಿ?" ಅಂದರು. ಅಲ್ಲೇ! "ಬಗ್ಗಿದ್ರ ನೋಯ್ತದೋ, ಹೊಳ್ಳಿದ್ರೋ? ಕುಂತು ಮಾಡೋ ಕೆಲಸೇನು?" ಅಂತ ಕೇಳಿದರು. ಕೈ ಇಟ್ಟರೆ ಬಾಯಿಯೂ ತೆರೆಯುತ್ತದೆ ಅಂತ ಗೊತ್ತಾಯಿತು. ಕರೆಂಟ್ ಬಂತು. ಕೈ ಹೋಯಿತು.

ಟೊಂಕನೋವಿಗೆ ಶಬ್ದತರಂಗ ಹಾಯಿಸೋ ಅಲ್ಟ್ರಾಸೌಂಡ್, ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಹರಿಸೋ ಟೆನ್ಸ್ ಮತ್ತು ಐಎಫ್‌ಟಿ, ಬೆನ್ನು ಎಳೆಯೋ ಟ್ರ್ಯಾಕ್ಷನ್ ಕೊಡಬೇಡಿ ಅಂತ, ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಬರೆದಿದೆ. ಕೈಚಿಕಿತ್ಸೆ ಕೊಡಬಹುದು, ಆದರೆ ವ್ಯಾಯಾಮದ ಜೊತೆಗೇ ಅಂತಲೂ ಹೇಳಿದೆ. ಇರಲಿ ಬಿಡಿ, ಅವರ ಬಳಿ ಕಂತಿನ ಮೇಲೆ ತಂದ ಯಂತ್ರ ಇದ್ದಿರಲಿಕ್ಕಿಲ್ಲ.

ಇನ್ನು ಕೈ ಇಡುವ ಮಹಾನುಭಾವರೂ ಇದ್ದಾರೆ, ರೀಲ್ಸ್‌ನಲ್ಲಿ. ಕುತ್ತಿಗೆ ಹಿಡಿದು ಟಕ್ ಅನ್ನಿಸಿ "ಜಾರಿದ ಎಲುಬು ಕೂತಿತು" ಅಂತಾರೆ. ಕೆನಡಾದ ಸಂಶೋಧಕರು 2015ರಲ್ಲಿ ಬೆರಳು ಎಳೆದು ಎಂಆರ್‌ಐಯಲ್ಲಿ ನೋಡಿದರು. ಆ ಸದ್ದಾಗುವಾಗ ಕೀಲಿನ ದ್ರವದಲ್ಲಿ ಅನಿಲದ ಪೊಳ್ಳು ಕಾಣಿಸಿತು. ಅಂದರೆ ಲಕ್ಷಗಟ್ಟಲೆ ಲೈಕ್ ಬಿದ್ದಿದ್ದು ಗ್ಯಾಸಿಗೆ.

ನಗು ಇಷ್ಟೇ. ಕುಂದಗೋಳ ಕಡೆಯಿಂದ ಬಸ್ ಹತ್ತಿ ಬರುವ ಹೆಣ್ಣುಮಗಳು ಮೆಣಸಿನಕಾಯಿ ಹೊಲದಲ್ಲಿ ಬಗ್ಗಿ ಬಗ್ಗಿ ಟೊಂಕ ಕಳಕೊಂಡವಳು. ಕೂಲಿ ಬಿಟ್ಟು ಬರುತ್ತಾಳೆ, ಹತ್ತು ಸಿಟ್ಟಿಂಗ್ ದುಡ್ಡು ಮೊದಲೇ ಕಟ್ಟುತ್ತಾಳೆ. ಆಕೆಯ ಬೆನ್ನನ್ನು ಒಬ್ಬರೂ ಮುಟ್ಟಿ ನೋಡೋದಿಲ್ಲ. ಕಲಿತ ಹುಡುಗರಿಗೆ ಕೈಗುಣ ಇಲ್ಲ ಅಂತಲ್ಲ. ಕೈಗೆ ಒಬ್ಬರಿಗೇ ಅರ್ಧ ತಾಸು ಬೇಕು. ಅಷ್ಟೇ ಹೊತ್ತಿನಲ್ಲಿ ನಾಲ್ಕು ಯಂತ್ರ ನಾಲ್ಕು ಮಂದಿಯನ್ನು ಮುಗಿಸುತ್ತವೆ. ಮಾಲೀಕನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಹೊಲದಲ್ಲಿ ಹೇಗೆ ಬಗ್ಗಬೇಕು, ಮನೆಯಲ್ಲಿ ಯಾವ ವ್ಯಾಯಾಮ ಮಾಡಬೇಕು ಅಂತ ಹೇಳಿಕೊಡೋದಕ್ಕೆ ಕರೆಂಟೂ ಬೇಕಿಲ್ಲ. ಆದರೆ ಹೇಳಿಕೊಟ್ಟರೆ ಹನ್ನೊಂದನೇ ಸಿಟ್ಟಿಂಗಿಗೆ ಆಕೆ ಬರೋದಿಲ್ಲವಲ್ಲ!