ಸತ್ಯಾಂಶ: ‘ಪಿಆರ್’ ಅಂದರೆ ವಾಲ್ವ್ ಹಾಳಾಗಿದೆ ಅಂತಲೇ?

ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್‌ನಲ್ಲಿ ‘ಪಿಆರ್’ ಅಂತಿದ್ದರೆ ಹೃದಯದ ವಾಲ್ವ್ ಹಾಳಾಗಿದೆ, ಬೆಳ್ಳುಳ್ಳಿ-ನಿಂಬೆ ಕಷಾಯ ಕುಡಿದರೆ ಸರಿಹೋಗುತ್ತದೆ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಎರಡೂ ತಪ್ಪು.

ಶ್ವಾಸಕೋಶದ ಕಡೆ ಹೋದ ರಕ್ತ ಪಲ್ಮನರಿ ವಾಲ್ವ್‌ನಿಂದ ಸ್ವಲ್ಪ ವಾಪಸ್ ಸೋರುವುದೇ ಪಿಆರ್, ಅಂದರೆ ಪಲ್ಮನರಿ ರಿಗರ್ಜಿಟೇಶನ್. ‘ಟ್ರಿವಿಯಲ್’ (ತೀರಾ ಅಲ್ಪ), ‘ಮೈಲ್ಡ್’ (ಅಲ್ಪ) ಎಂದಿದ್ದರೆ ಸುಮ್ನೆ ಹೆದರಬೇಡಿ. ಆರೋಗ್ಯವಂತರಲ್ಲೂ ಇದು ಮಾಮೂಲಿ.

ಸೋರಿಕೆ ಜಾಸ್ತಿಯಿದ್ದರೆ ಬೇರೆ ಮಾತು. ಮಗುವಾಗಿದ್ದಾಗ ‘ಟೆಟ್ರಾಲಜಿ ಆಫ್ ಫ್ಯಾಲೋ’ ಎಂಬ ಹುಟ್ಟಿನಿಂದಲೇ ಇರುವ ಹೃದಯದ ದೋಷಕ್ಕೆ ಆಪರೇಷನ್ ಆದವರಲ್ಲಿ ಇದು ಹೆಚ್ಚು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದರೂ, ವಾಲ್ವ್‌ಗೆ ಸೋಂಕು ತಗುಲಿದರೂ ಬರಬಹುದು. ವರ್ಷಗಟ್ಟಲೆ ಏನೂ ಗೊತ್ತಾಗದೆ ಹೃದಯದ ಬಲಭಾಗ ಹಿಗ್ಗುತ್ತಾ ಹೋಗಬಹುದು. ಅದಕ್ಕೇ ಆ ಆಪರೇಷನ್ ಆದವರು, ಆರಾಮಾಗಿದ್ದರೂ, ಡಾಕ್ಟರ್ ಹೇಳಿದಾಗ ಎಕೋ, ಎಂಆರ್‌ಐ ತಪ್ಪಿಸಲೇಬಾರದು. ಅಗತ್ಯಬಿದ್ದರೆ ಹೊಸ ವಾಲ್ವ್ ಹಾಕುತ್ತಾರೆ. 2000ದಿಂದೀಚೆಗೆ ಕೆಲವರಿಗೆ ಎದೆ ತೆರೆಯದೆ, ರಕ್ತನಾಳದ ಮೂಲಕವೇ ಕೂರಿಸುವುದೂ ಸಾಧ್ಯವಾಗಿದೆ.