ಪಕ್ಕದ ಮನೆಯವನ ಕಿವಿ, ನಮ್ಮ ಮಾವನ ಕಿವಿ

ನಾನು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋಗೆ ಬಂದು ಹನ್ನೊಂದು ವರ್ಷವಾಯಿತು. ಇದು ಮಿಲಿಟರಿ ಊರು. ಅಮೆರಿಕದ ವಾಯುಸೇನೆಗೆ ಏರ್‌ಮನ್ ಆಗಿ ಸೇರುವ ಹುಡುಗ ಹುಡುಗಿಯರು ಮೊದಲ ತರಬೇತಿಗೆ ಬರುವುದು ಇಲ್ಲಿನ ಲ್ಯಾಕ್‌ಲ್ಯಾಂಡ್‌ಗೆ. ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ದೊಡ್ಡ ಸೈನಿಕ ಆಸ್ಪತ್ರೆ ಇದೆ. ನಿವೃತ್ತರಾದ ಮೇಲೂ ಬಹಳ ಜನ ಇಲ್ಲೇ ಉಳಿಯುತ್ತಾರೆ. ನಮ್ಮ ಬೀದಿಯಲ್ಲೇ ಐದು ಮನೆ ಮಾಜಿ ಸೈನಿಕರದು.

ಕಳೆದ ಯುಗಾದಿಗೆ ನಾವು ಕನ್ನಡದವರು ಒಬ್ಬರ ಮನೆಯಲ್ಲಿ ಸೇರಿದ್ದೆವು. ಹೋಳಿಗೆ ಊಟ ಮುಗಿಸಿ ಹಿತ್ತಲಲ್ಲಿ ಕೂತಾಗ ಮಾತು ಮನೆ ತೆರಿಗೆಯ ಕಡೆ ಹೋಯಿತು. ಒಬ್ಬ ಗೆಳೆಯ ಹೇಳಿದ: "ನಮ್ಮ ಬೀದೀಲಿ ಒಬ್ಬ ಇದ್ದಾನೆ. ದಿನಾ ಬೆಳಿಗ್ಗೆ ಓಡ್ತಾನೆ, ಜಿಮ್‌ಗೆ ಹೋಗ್ತಾನೆ. ನೂರಕ್ಕೆ ನೂರು ಅಂಗವಿಕಲ ಅಂತೆ! ಮನೆ ತೆರಿಗೆ ಒಂದು ಪೈಸೆ ಕಟ್ಟಲ್ಲ. ಅವನ ಪಾಲಿಂದನ್ನೂ ನಾವೇ ಕಟ್ಟೋದು." ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಒಬ್ಬೊಬ್ಬರ ಹತ್ತಿರವೂ ಇಂಥದ್ದೇ ಒಂದು ಕಥೆ ಇತ್ತು. ನನಗೆ ಆ ಹೊತ್ತಿಗೆ ಬಾಯಿ ಬರಲಿಲ್ಲ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೆರಿಗೆಯ ಮಾತು ನಿಜ. ಸೇವೆಯಿಂದ ನೂರಕ್ಕೆ ನೂರು ಊನವಾಗಿದೆ ಎಂದು ತೀರ್ಮಾನವಾದ ಮಾಜಿ ಸೈನಿಕ ಟೆಕ್ಸಾಸ್‌ನಲ್ಲಿ ತಾನು ವಾಸವಿರುವ ಮನೆಗೆ ತೆರಿಗೆ ಕಟ್ಟಬೇಕಿಲ್ಲ. ಅದರ ಮೇಲೆ ಕೇಂದ್ರದ ಮಾಜಿ ಸೈನಿಕರ ಇಲಾಖೆ, ಇಲ್ಲಿ ಎಲ್ಲರೂ ಹೇಳುವಂತೆ 'ವಿ.ಎ.', ತಿಂಗಳು ತಿಂಗಳು ಹಣ ಕೊಡುತ್ತದೆ. 2025ರಲ್ಲಿ ಒಂಟಿ ಮನುಷ್ಯನಿಗೆ ಶೇಕಡಾ 100ಕ್ಕೆ 3,831 ಡಾಲರ್, ಶೇಕಡಾ 10ಕ್ಕೆ 175 ಡಾಲರ್. ಈ ಹಣಕ್ಕೆ ಆದಾಯ ತೆರಿಗೆಯೂ ಇಲ್ಲ. 60 ಲಕ್ಷಕ್ಕೂ ಹೆಚ್ಚು ಜನ ಪಡೆಯುತ್ತಾರೆ. ಆದ್ದರಿಂದ ಪ್ರಶ್ನೆ ಕೇಳುವುದು ತಪ್ಪಲ್ಲ. 2025ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಈ ಹಣಕ್ಕೆ ಸುಳ್ಳು ಅರ್ಜಿಗಳು ಬರುತ್ತಿವೆ ಎಂದು ದೊಡ್ಡದಾಗಿ ಬರೆಯಿತು. ಆಮೇಲೆ ಊರಲ್ಲಿ ಈ ಮಾತು ಇನ್ನೂ ಜಾಸ್ತಿಯಾಯಿತು.

ಆದರೆ 'ಅಂಗವಿಕಲ' ಅನ್ನುವ ನಮ್ಮ ಪದವೇ ಇಲ್ಲಿ ನಮ್ಮ ದಾರಿ ತಪ್ಪಿಸುತ್ತದೆ. ಆ ಮಾತು ಕೇಳಿದ ಕೂಡಲೇ ಕೈಯೋ ಕಾಲೋ ಇಲ್ಲದವನು ಕಣ್ಣ ಮುಂದೆ ಬರುತ್ತಾನೆ. ವಿ.ಎ. ಲೆಕ್ಕ ಹಾಗಲ್ಲ. ಮೊಣಕಾಲು, ಬೆನ್ನು, ಕಿವಿ, ನಿದ್ದೆ, ಮನಸ್ಸು, ಎಲ್ಲಕ್ಕೂ ಬೇರೆ ಬೇರೆ ಶೇಕಡಾ ಇದೆ. ಅವನ್ನು ಸುಮ್ನೆ ಕೂಡುವುದೂ ಇಲ್ಲ. ಒಬ್ಬನಿಗೆ ಬೆನ್ನಿಗೆ 50, ಮೊಣಕಾಲಿಗೆ 30 ಬಂತು ಅನ್ನಿ. ಮೊದಲು 50 ತೆಗೆದು, ಉಳಿದ 50ರಲ್ಲಿ ಶೇಕಡಾ 30 ಅಂದರೆ 15 ಸೇರಿಸುತ್ತಾರೆ. 65 ಆಗುತ್ತದೆ, ಅದನ್ನು 70 ಮಾಡುತ್ತಾರೆ. ಇದು ಕೆಲಸ ಮಾಡಲಾಗದವನಿಗೆ ಕೊಡುವ ಭತ್ಯೆಯೂ ಅಲ್ಲ. ಕೆಲಸವೇ ಆಗುವುದಿಲ್ಲ ಅನ್ನುವವರಿಗೆ ಬೇರೆ ನಿಯಮ ಇದೆ. ಉಳಿದವರು ನೌಕರಿ ಮಾಡಬಹುದು, ಓಡಬಹುದು, ಹುಲ್ಲು ಕತ್ತರಿಸಬಹುದು. ಸೇವೆಯಲ್ಲಿ ದೇಹದಿಂದ ಏನು ಕಳೆಯಿತೋ ಅದಕ್ಕೆ ಈ ಹಣ. ನನ್ನ ಗೆಳೆಯ ನೋಡಿದ ಓಟಗಾರ ಮೋಸಗಾರನೇ ಇರಬಹುದು, ಅಲ್ಲದೆಯೂ ಇರಬಹುದು. ಓಡುವುದನ್ನು ನೋಡಿ ಮಾತ್ರ ಅದು ಗೊತ್ತಾಗುವುದಿಲ್ಲ.

ನನ್ನ ಪಕ್ಕದ ಮನೆಯಾತನ ವಿಷಯ ಹೇಳುತ್ತೇನೆ. ಇರಾಕ್‌ನಲ್ಲಿ ಫಿರಂಗಿ ದಳದಲ್ಲಿದ್ದವನು. ಆರಡಿ ಎತ್ತರ, ಗಟ್ಟಿ ಆಳು. ನಮ್ಮ ಫ್ರಿಜ್ ಕೆಟ್ಟಾಗ ಹೊಸದನ್ನು ಟ್ರಕ್ಕಿನಿಂದ ಇಳಿಸಲು ಒಂದು ಕಡೆ ಹಿಡಿದವನು ಅವನೇ. ಹೊರಗಿನಿಂದ ನೋಡಿದರೆ ಅವನಿಗೆ ಏನೂ ಆಗಿಲ್ಲ. ಅವನ ಗ್ಯಾರೇಜಿನಲ್ಲಿ ಒಂದು ಹಳೇ ರೇಡಿಯೋ ಸದಾ ಹಾಕಿರುತ್ತದೆ. ಹಾಡಿಲ್ಲ, ಮಾತಿಲ್ಲ. ಎರಡು ಸ್ಟೇಷನ್ ನಡುವೆ ಮುಳ್ಳು ನಿಲ್ಲಿಸಿ ಬರೀ 'ಸುಯ್' ಅನ್ನುವ ಸದ್ದು. ಸ್ಟೇಷನ್ ಸರಿಯಾಗಿ ಸಿಗುತ್ತಿಲ್ಲವೇನೋ ಅಂದುಕೊಂಡು ಒಂದು ದಿನ ನಾನೇ ತಿರುಗಿಸಲು ಕೈ ಹಾಕಿದೆ. ಬೇಡ ಅಂದ. ಅವನ ಕಿವಿಯೊಳಗೆ ಹದಿನೆಂಟು ವರ್ಷದಿಂದ ಒಂದು ಸಣ್ಣ ಶಿಳ್ಳೆ ನಿಂತೇ ಇಲ್ಲವಂತೆ. ಸುತ್ತ ನಿಶ್ಶಬ್ದವಾದರೆ ಅದು ಜೋರಾಗುತ್ತದೆ. ಅದಕ್ಕೇ ರೇಡಿಯೋ. ಅದಕ್ಕೇ ಜನವರಿಯ ಚಳಿಯಲ್ಲೂ ಮಲಗುವ ಕೋಣೆಯಲ್ಲಿ ಫ್ಯಾನ್.

ಇದಕ್ಕೆ ಇಂಗ್ಲಿಷಿನಲ್ಲಿ ಟಿನಿಟಸ್ ಅನ್ನುತ್ತಾರೆ. ನಮ್ಮಲ್ಲಿ ಕಿವಿ ಗುಂಯ್‌ಗುಡುವುದು ಅನ್ನುತ್ತೇವೆ. ಅಮೆರಿಕದ ಮಾಜಿ ಸೈನಿಕರಲ್ಲಿ ಅತಿ ಹೆಚ್ಚು ಜನರಿಗೆ ಹಣ ಬರುತ್ತಿರುವುದು ಇದೇ ತೊಂದರೆಗೆ. ಎಷ್ಟೇ ಜೋರಾಗಿರಲಿ, ಒಂದು ಕಿವಿಯಿರಲಿ ಎರಡಿರಲಿ, ಶೇಕಡಾ 10 ಮಾತ್ರ. ಇದನ್ನು ಅಳೆಯುವ ಯಂತ್ರ ಇಲ್ಲ. ಸೈನಿಕ ಇದೆ ಅಂದರೆ ಇದೆ. ಮೋಸ ಮಾಡುವವನಿಗೆ ಇದಕ್ಕಿಂತ ಸುಲಭದ ಕಾಯಿಲೆ ಇಲ್ಲ ಅನ್ನಿಸುವುದು ಸಹಜ, ಅಲ್ವಾ? ಆದರೆ ಇನ್ನೊಂದು ವಿಷಯವೂ ಇದೆ. ಸದ್ದು ತಡೆಯಲು ಸೈನಿಕರು ಬಳಸುತ್ತಿದ್ದ ಕಿವಿಯ ಬಿರಡೆ ಸರಿಯಾಗಿ ಕೂರುತ್ತಿರಲಿಲ್ಲ, ಅದರಿಂದ ಕಿವಿ ಹೋಯಿತು ಎಂದು ಲಕ್ಷಾಂತರ ಜನ ತ್ರೀ-ಎಂ ಕಂಪನಿಯ ಮೇಲೆ ದಾವೆ ಹೂಡಿದ್ದರು. 2023ರಲ್ಲಿ ಆ ಕಂಪನಿ ತಪ್ಪು ಒಪ್ಪಿಕೊಳ್ಳದೆಯೇ ಸುಮಾರು 600 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಕಾಣದ ಕಾಯಿಲೆ ಅಂದ ಮಾತ್ರಕ್ಕೆ ಇಲ್ಲದ ಕಾಯಿಲೆ ಅಲ್ಲ.

ಮೋಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಖಂಡಿತ ಇದೆ. ಕಾಲೇ ಆಡುವುದಿಲ್ಲ ಎಂದು ಗಾಲಿಕುರ್ಚಿಯಲ್ಲಿ ಡಾಕ್ಟರ ಹತ್ತಿರ ಹೋಗಿ, ಆಮೇಲೆ ಆರಾಮಾಗಿ ನಡೆದಾಡುವಾಗ ಕ್ಯಾಮೆರಾಗೆ ಸಿಕ್ಕಿ ಜೈಲಿಗೆ ಹೋದವರು ಇದ್ದಾರೆ. ರೋಡ್ ಐಲೆಂಡ್‌ನಲ್ಲಿ ಒಬ್ಬಾಕೆ ಸೈನ್ಯಕ್ಕೆ ಸೇರಿಯೇ ಇರಲಿಲ್ಲ. ವಿ.ಎ. ನೌಕರಿಯಲ್ಲಿದ್ದು, ನಿಜವಾದ ಸೈನಿಕರ ದಾಖಲೆ ನೋಡಿ ತನಗೆ ಬೇಕಾದ ಕಾಗದ ಹುಟ್ಟಿಸಿಕೊಂಡಿದ್ದಳು. ಗಾಯಾಳು ಸೈನಿಕಳು, ಕ್ಯಾನ್ಸರ್ ಇದೆ ಎಂದು ದಾನದ ಸಂಸ್ಥೆಗಳಿಂದ ಹಣ ಪಡೆದಳು. 2023ರಲ್ಲಿ ಅವಳಿಗೆ 70 ತಿಂಗಳ ಸೆರೆವಾಸ ಆಯಿತು. ಅದು ಸರಿಯಾದ ಶಿಕ್ಷೆ. ಇಂಥ ಒಬ್ಬಳಿಂದ ಸಾವಿರ ಜನ ಅನುಮಾನಕ್ಕೆ ಗುರಿಯಾಗುತ್ತಾರೆ.

ನನಗೆ ಇದಕ್ಕಿಂತ ಸಿಟ್ಟು ಬರುವುದು ಕಾಗದದ ವ್ಯಾಪಾರ ಮಾಡುವವರ ಮೇಲೆ. ಮಾಜಿ ಸೈನಿಕನ ಮೊದಲ ಅರ್ಜಿಗೆ ಹಣ ಕೇಳುವುದು ಇಲ್ಲಿ ಕಾನೂನಿಗೆ ವಿರುದ್ಧ. ಅಮೆರಿಕನ್ ಲೀಜನ್, ವಿ.ಎಫ್.ಡಬ್ಲ್ಯೂ. ಥರದ ಮಾಜಿ ಸೈನಿಕರ ಸಂಘಗಳು ಪುಕ್ಕಟೆಯಾಗಿ ಅರ್ಜಿ ಬರೆದುಕೊಡುತ್ತವೆ. ಆದರೂ ಕಂಪನಿ ಕಟ್ಟಿಕೊಂಡು 'ನಿಮ್ಮ ಶೇಕಡಾ ಏರಿಸುತ್ತೇವೆ' ಅನ್ನುವವರು ಹುಟ್ಟಿಕೊಂಡಿದ್ದಾರೆ. ಏರಿದ ತಿಂಗಳ ಹಣದ ಐದು ಆರು ಪಟ್ಟು ಅವರ ಫೀಸು. 2006ರಲ್ಲಿ ಇದಕ್ಕಿದ್ದ ಶಿಕ್ಷೆಯನ್ನೇ ಕಾನೂನಿನಿಂದ ತೆಗೆದುಬಿಟ್ಟರು. ಮಾಡಬಾರದು ಎಂಬ ನಿಯಮ ಉಳಿಯಿತು, ಮಾಡಿದರೆ ಏನು ಅನ್ನುವುದು ಉಳಿಯಲಿಲ್ಲ. ಸುಳ್ಳಿಗೆ ಅಂಗಡಿ ತೆರೆದವರು ಇವರು. ಬೀದಿಯಲ್ಲಿ ಓಡುವವನ ಕಾಲು ನೋಡುವ ಬದಲು ನಾವು ಈ ಕಡೆ ನೋಡಬೇಕು.

ಈ ಅನುಮಾನ ಇಲ್ಲಿ ಹೊಸದೂ ಅಲ್ಲ. 1860ರ ದಶಕದ ಅಮೆರಿಕದ ಅಂತರ್ಯುದ್ಧದ ಸೈನಿಕರ ಪಿಂಚಣಿಯಲ್ಲಿ ಸುಳ್ಳು ಜಾಸ್ತಿಯಾಗಿದೆ ಎಂದು 1880ರ ದಶಕದಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ನೂರಾರು ಪಿಂಚಣಿ ಮಸೂದೆಗಳನ್ನು ತಡೆದರು. 1889ರಲ್ಲಿ ಪಿಂಚಣಿ ಕಮಿಷನರ್ ಆದ ಜೇಮ್ಸ್ ಟ್ಯಾನರ್ ಅದೇ ಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡವರು. ಅವರು ಕೈ ಬಿಚ್ಚಿ ಕೊಡಲು ಹೊರಟರು. ಕೆಲವೇ ತಿಂಗಳಲ್ಲಿ ಹುದ್ದೆ ಬಿಡಬೇಕಾಯಿತು. ಇಷ್ಟೆಲ್ಲ ಜಗಳದ ನಡುವೆಯೂ ಆ ಪಿಂಚಣಿ ನಿಲ್ಲಲಿಲ್ಲ. ಅಂತರ್ಯುದ್ಧದ ಸೈನಿಕನೊಬ್ಬನ ಮಗಳಿಗೆ 2020ರಲ್ಲಿ ಆಕೆ ತೀರಿಕೊಳ್ಳುವವರೆಗೂ ತಿಂಗಳಿಗೆ 73 ಡಾಲರ್ 13 ಸೆಂಟ್ ಬರುತ್ತಿತ್ತು. ಇದನ್ನು ಓದಿದಾಗ ನನಗೆ ಊರಿನ ನೆನಪು ಬಂದು ಗಂಟಲು ಕಟ್ಟಿತು.

ನಮ್ಮ ಸೋದರಮಾವ ಅರಕಲಗೂಡಿನ ಹತ್ತಿರದವರು. ಅವರೂ ಫಿರಂಗಿ ದಳದವರೇ. 1999ರಲ್ಲಿ ದ್ರಾಸ್‌ನಲ್ಲಿದ್ದರು, ಬೋಫೋರ್ಸ್ ಫಿರಂಗಿಯ ಪಕ್ಕದಲ್ಲಿ. ಕಾರ್ಗಿಲ್ ಯುದ್ಧದಲ್ಲಿ ನಮ್ಮ ಕಡೆಯಿಂದ ಹಾರಿದ ಗುಂಡು ರಾಕೆಟ್ಟುಗಳು ಸುಮಾರು ಎರಡೂವರೆ ಲಕ್ಷ. ಅವುಗಳಲ್ಲಿ ಎಷ್ಟು ಮಾವನ ಕಿವಿಯ ಪಕ್ಕದಲ್ಲೇ ಹೋದವೋ. ಊರಲ್ಲಿ ಅವರೊಂದಿಗೆ ಮಾತಾಡಬೇಕಾದರೆ ಬಲಗಡೆ ಕೂರಬೇಕು. ಎಡಗಿವಿಗೆ ಏನೂ ಕೇಳುವುದಿಲ್ಲ. ಅತ್ತೆ ಅಡುಗೆಮನೆಯಿಂದ ಕೂಗಿದರೆ ಉತ್ತರ ಬರುವುದಿಲ್ಲ, ಅದಕ್ಕೇ ಕಂಚಿನ ಲೋಟವನ್ನು ಕಂಬಕ್ಕೆ ಬಡಿಯುತ್ತಾರೆ. ಮಾವ ಲೋಟದ ಸದ್ದಿಗೆ ತಿರುಗುತ್ತಾರೆ.

ಸೇವೆಯಲ್ಲಿದ್ದಾಗ ಇದನ್ನು ಯಾಕೆ ಬರೆಸಲಿಲ್ಲ ಎಂದು ಒಮ್ಮೆ ಕೇಳಿದೆ. "ಡಾಕ್ಟರ್ ಸಾಹೇಬ್ರು ಕೇಳುದ್ರು. ಎಲ್ಲಾ ಸರಿ ಇದೆ ಸಾಬ್ ಅಂದೆ ಕಣಪ್ಪ. ಕೆಟಗರಿ ಇಳಿದ್ರೆ ಪ್ರಮೋಷನ್ ಎಲ್ಲಿ?" ನಮ್ಮ ಸೈನ್ಯದಲ್ಲಿ ಆರೋಗ್ಯಕ್ಕೆ 'ಶೇಪ್' ಎಂಬ ಲೆಕ್ಕ ಇದೆ. ಮನಸ್ಸು, ಕಿವಿ, ಕೈಕಾಲು, ಒಟ್ಟು ದೇಹ, ಕಣ್ಣು. ಎಲ್ಲದರಲ್ಲೂ 'ಒಂದು', ಅಂದರೆ ಪೂರ್ತಿ ಸರಿ, ಎಂದಿದ್ದರೆ ಶೇಪ್ ಒನ್. ಜವಾನನಿಗೆ ಅದು ಮಾನದ ವಿಷಯ, ಹೊಟ್ಟೆಯ ವಿಷಯವೂ ಹೌದು. ಮಾವ ಇಪ್ಪತ್ತೆರಡು ವರ್ಷ ಶೇಪ್ ಒನ್ ಆಗಿಯೇ ಇದ್ದು ಹವಾಲ್ದಾರ್ ಆಗಿ ಬಂದರು. ಆಮೇಲೆ ಅರ್ಜಿ ಹಾಕಿದರೆ, ಸೇವಾ ದಾಖಲೆಯಲ್ಲಿ ಕಿವಿಯ ತೊಂದರೆ ನಮೂದಾಗಿಲ್ಲ ಎಂದು ಎರಡು ಸಾಲಿನ ಉತ್ತರ. ಅವರು ಹೇಳಿದ ಸುಳ್ಳು ಅದೊಂದೇ, ಆರೋಗ್ಯವಾಗಿದ್ದೇನೆ ಅನ್ನುವ ಸುಳ್ಳು. ಅದನ್ನು ಮಾತ್ರ ಎಲ್ಲರೂ ನಂಬಿದರು.

ಎರಡೂ ದೇಶದ ನಿಯಮ ಓದಿದರೆ ಒಂದೇ ಥರ ಇದೆ. ಅಮೆರಿಕದ ಕಾನೂನಿನಲ್ಲಿ, ಸಾಕ್ಷ್ಯ ಎರಡೂ ಕಡೆ ಸಮನಾಗಿದ್ದರೆ ಸಂಶಯದ ಲಾಭ ಸೈನಿಕನಿಗೆ. ನಮ್ಮ 1982ರ ನಿಯಮದಲ್ಲೂ ಹಾಗೆಯೇ ಇತ್ತು. ಅರ್ಜಿದಾರನೇ ಎಲ್ಲ ಸಾಬೀತು ಮಾಡಬೇಕಿಲ್ಲ, ಸಂಶಯದ ಲಾಭ ಅವನಿಗೇ. ಆದರೆ ಅದನ್ನು ಪಡೆಯಲು ಸೈನ್ಯದ ಸಂಪರ್ಕ ದಳವಾದ ಸಿಗ್ನಲ್ಸ್‌ನ ಸಿಪಾಯಿ ಧರಮ್‌ವೀರ್ ಸಿಂಗ್ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 1985ರಲ್ಲಿ ಸೇರಿದವರು, ಮೂರ್ಛೆ ರೋಗ ಬಂತು ಎಂದು 1994ರಲ್ಲಿ ಮನೆಗೆ ಕಳಿಸಿದರು. ಸೇರುವಾಗ ಅವರಿಗೆ ಕಾಯಿಲೆ ಇತ್ತೆಂದು ಯಾರೂ ಬರೆದಿರಲಿಲ್ಲ, ಹಾಗಾದರೆ ಅದು ಸೇವೆಯಲ್ಲೇ ಬಂದದ್ದು ಎಂದುಕೊಳ್ಳಬೇಕು ಎಂದು ಕೋರ್ಟ್ ಹೇಳಿದ್ದು 2013ರಲ್ಲಿ. ಹತ್ತೊಂಬತ್ತು ವರ್ಷ! ಇಂದಿಗೂ ಸೈನಿಕ ನ್ಯಾಯಮಂಡಳಿಯಲ್ಲಿ ಗೆದ್ದವನ ಮೇಲೆ ಸರ್ಕಾರ ಮೇಲ್ಮನವಿ ಹೋಗುವುದು ಮಾಮೂಲು.

ನಮ್ಮಲ್ಲೂ ಸುಳ್ಳಿನ ಅನುಮಾನ ಇದೆ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ 2023ರ ವರದಿ ಪ್ರಕಾರ, ನಿವೃತ್ತರಾಗುವ ಅಧಿಕಾರಿಗಳಲ್ಲಿ ಶೇಕಡಾ 36ರಿಂದ 40 ಮಂದಿ ಊನದ ಪಿಂಚಣಿ ಪಡೆಯುತ್ತಿದ್ದರು. ಜವಾನರಲ್ಲಿ ಶೇಕಡಾ 15ರಿಂದ 18. ಅಧಿಕಾರಿಗಳು ಜಾಸ್ತಿ ವಯಸ್ಸಿಗೆ ನಿವೃತ್ತರಾಗುತ್ತಾರೆ, ಬಿಪಿ, ಶುಗರ್ ಬರುವ ವಯಸ್ಸು. ಅದನ್ನು ಒಪ್ಪೋಣ. ಆದರೂ ಹಿಮದಲ್ಲಿ ಗುಂಡು ಹೊತ್ತವನಿಗಿಂತ ಅವನ ಸಾಹೇಬರಲ್ಲಿ ಶೇಕಡಾವಾರು ಎರಡು ಪಟ್ಟು ಮಂದಿಗೆ ಸಿಗುವುದಕ್ಕೆ ವಯಸ್ಸೊಂದೇ ಕಾರಣ ಎಂದು ನಾನು ನಂಬುವುದಿಲ್ಲ. ಯಾವ ಕಾಗದಕ್ಕೆ ಎಷ್ಟು ಬೆಲೆ ಎಂದು ಒಬ್ಬರಿಗೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ತಂದು ಬಿಗಿ ಮಾಡಿದರು. ದುರುಪಯೋಗ ತಡೆಯಬೇಕು ಎಂಬ ಕಾರಣವನ್ನೂ ಕೊಟ್ಟರು. ಬಿಗಿ ಮಾಡಿದಾಗ ಕಾಗದ ಬಲ್ಲವನು ಹೇಗೋ ದಾಟುತ್ತಾನೆ. ಸಿಕ್ಕಿಕೊಳ್ಳುವುದು 'ಎಲ್ಲಾ ಸರಿ ಇದೆ ಸಾಬ್' ಅಂದವನು.

ಎರಡು ದೇಶದಲ್ಲೂ ತಪ್ಪಾಗುತ್ತದೆ. ಇಲ್ಲಿ ನಂಬಿ ತಪ್ಪು ಮಾಡುತ್ತಾರೆ, ಅಲ್ಲಿ ನಂಬದೆ ತಪ್ಪು ಮಾಡುತ್ತಾರೆ. ನನ್ನ ತೆರಿಗೆ ಹಣ ಇಲ್ಲಿ ಹೋಗುತ್ತದೆ. ಒಂದಿಷ್ಟು ಮೋಸಗಾರರ ಕೈಗೂ ಹೋಗುತ್ತಿರಬಹುದು. ಅವರನ್ನು ಹಿಡಿಯಲಿ, ಕಾಗದ ಮಾರುವವರ ಅಂಗಡಿ ಮುಚ್ಚಿಸಲಿ, ಡಾಕ್ಟರ ಪರೀಕ್ಷೆ ಫೋನಿನಲ್ಲಿ ಮುಗಿಯದೆ ಎದುರುಬದುರು ಆಗಲಿ. ಆದರೆ ನಂಬುವುದನ್ನು ಬಿಡಬಾರದು. ಊರಿನಲ್ಲಿ ಆಗಬೇಕಾದದ್ದು ಬೇರೆ. ಸೇವೆ ಮುಗಿಯುವ ದಿನ ಪ್ರತಿ ಜವಾನನ ಕಿವಿಯನ್ನೂ ಯಂತ್ರದಲ್ಲಿ ಪರೀಕ್ಷಿಸಿ, ಅವನು ಕೇಳಲಿ ಬಿಡಲಿ, ಬರೆದಿಡಬೇಕು. ಫಿರಂಗಿ ದಳದವನಿಗಂತೂ ವರ್ಷವರ್ಷವೂ. ತೊಂದರೆ ಹೇಳಿಕೊಂಡವನ ಪ್ರಮೋಷನ್‌ಗೆ ಅದರಿಂದ ಏಟು ಬೀಳಬಾರದು.

ಮಾವನಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಿಂದ ಕಿವಿಯ ಯಂತ್ರ ಸಿಕ್ಕಿದೆ, ಅದನ್ನು ಹೇಳಲೇಬೇಕು. ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಹಾಸನದಲ್ಲಿ ಕಿವಿ ಪರೀಕ್ಷೆ ಮಾಡಿಸಿದೆ. ಎಡಗಿವಿಯ ಗೆರೆ ಇಳಿದು ಇಳಿದು ಕಾಗದದ ಕೆಳ ಅಂಚಿಗೆ ಬಂದಿತ್ತು. ಸೈನಿಕ ನ್ಯಾಯಮಂಡಳಿಗೆ ಹಾಕೋಣ ಎಂದು ವಕೀಲರ ಹತ್ತಿರ ವಕಾಲತ್ತಿಗೆ ಸಹಿ ಮಾಡಿಸಿದೆ. ತಡವಾಗಿ ಹೋದವರಿಗೆ ಗೆದ್ದರೂ ಹಿಂದಿನ ಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದೇ ಸಿಗುತ್ತದೆ ಎಂದು ವಕೀಲರು ಮೊದಲೇ ಹೇಳಿದರು. ಮಾವ ಬಲಗಿವಿ ಮುಂದೆ ಮಾಡಿ ಕೇಳಿಸಿಕೊಂಡರು. "ದುಡ್ಡು ಬರ್ಲಿ ಬಿಡ್ಲಿ ಅಳಿಯ, ಗುಂಡಿನ ಸದ್ದಿಗೆ ಹೋಯ್ತು ಅಂತ ಒಂದು ಕಡೆ ಬರೀಲಿ" ಅಂದರು.

ಮೊನ್ನೆ ಪಕ್ಕದ ಮನೆಯಾತನ ಹೆಸರಿಗೆ ವಿ.ಎ.ಯಿಂದ ಬಂದ ಸಣ್ಣ ಪೊಟ್ಟಣ ತಪ್ಪಿ ನಮ್ಮ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಕಿವಿಯ ಯಂತ್ರದ ಬ್ಯಾಟರಿ, ಪುಕ್ಕಟೆ ಕಳಿಸುತ್ತಾರೆ. ಕೊಡಲು ಹೋದಾಗ ಗ್ಯಾರೇಜಿನಲ್ಲಿ ರೇಡಿಯೋ ಹಾಗೆಯೇ ಸುಯ್‌ಗುಡುತ್ತಿತ್ತು. ಪೊಟ್ಟಣ ಬಿಚ್ಚಿ ತೋರಿಸಿದ. 312 ನಂಬರಿನವು, ಕಂದು ಚೀಟಿ ಅಂಟಿಸಿದ್ದು. ಮಾವನದೂ ಅದೇ ಅಳತೆ. ಅಂಗಡಿಗೆ ಹೋಗಿ ಅವರಿಗೆ ಎರಡು ಡಬ್ಬಿ ತಂದಿಟ್ಟಿದ್ದೇನೆ.